ತೀರ್ಪು ಇದೆ, ಅಮೀನ ಇಲ್ಲ: ಯುದ್ಧದ ಮಧ್ಯೆ ಅಂತಾರಾಷ್ಟ್ರೀಯ ಕಾನೂನು ಯಾಕೆ ಸೋಲುತ್ತದೆ?

1993ರ ಏಪ್ರಿಲ್ 8. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯ ಒಂದು ಆದೇಶ ಕೊಟ್ಟಿತು. ಬೋಸ್ನಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿ ನರಮೇಧ ಆಗದಂತೆ ತಡೆಯಲು ನಿಮ್ಮ ಕೈಲಾದದ್ದನ್ನೆಲ್ಲ ಮಾಡಿ ಎಂದು ಅಂದಿನ ಯುಗೊಸ್ಲಾವಿಯಾಕ್ಕೆ, ಅಂದರೆ ಸರ್ಬಿಯಾ ಮತ್ತು ಮಾಂಟೆನೆಗ್ರೊಗೆ, ಕೋರ್ಟ್ ಹೇಳಿತು. ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆದೇಶ: ಮೊದಲು ಹೇಳಿದ್ದನ್ನು ಕೂಡಲೇ ಪಾಲಿಸಿ.

1995ರ ಜುಲೈ 11ರಂದು, ಸರ್ಬಿಯಾದ ಬೆಂಬಲವಿದ್ದ ಬೋಸ್ನಿಯನ್ ಸರ್ಬ್ ಸೇನೆ ಸ್ರೆಬ್ರೆನಿತ್ಸಾ ಎಂಬ ಸಣ್ಣ ಪಟ್ಟಣವನ್ನು ಹಿಡಿಯಿತು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದು ಹೂತುಹಾಕಿತು.

ಇಲ್ಲಿ ಕಾನೂನಿಗೇನೂ ಬರವಿರಲಿಲ್ಲ. 1948ರ ನರಮೇಧ ತಡೆ ಒಪ್ಪಂದ ಇತ್ತು. ಯುದ್ಧದಲ್ಲಿ ಗಾಯಾಳು, ಕೈದಿ, ನಾಗರಿಕರನ್ನು ಕಾಯಬೇಕು ಎನ್ನುವ 1949ರ ನಾಲ್ಕು ಜಿನೀವಾ ಒಪ್ಪಂದಗಳು ಇದ್ದವು. ಕೋರ್ಟಿನ ಆದೇಶ ಎರಡೆರಡು ಸಲ ಬಂದಿತ್ತು. ಆ ಪಟ್ಟಣದಲ್ಲಿ ವಿಶ್ವಸಂಸ್ಥೆಯ ಸೈನಿಕರೇ ಇದ್ದರು. ಇಷ್ಟೆಲ್ಲ ಇದ್ದೂ ಆದದ್ದು ಆಯಿತು. ಯಾಕೆ?

ನಮ್ಮಲ್ಲಿ ಸಿವಿಲ್ ಕೇಸು ಗೆದ್ದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಡಿಕ್ರಿ ಕೈಗೆ ಬಂದ ಮಾತ್ರಕ್ಕೆ ಜಮೀನು ಕೈಗೆ ಬರುವುದಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟಿನ ಅಮೀನ ಜಾಗಕ್ಕೆ ಬರಬೇಕು, ಗಲಾಟೆ ಆಗುವಂತಿದ್ದರೆ ಪೊಲೀಸರೂ ಬರಬೇಕು. ಹೇಗ್‌ನಲ್ಲಿ ಡಿಕ್ರಿ ಸಿಗುತ್ತದೆ. ಅಮೀನ ಮಾತ್ರ ಇಲ್ಲ. ಆ ಕೆಲಸವನ್ನು ಬೇರೆ ಬೇರೆ ದೇಶಗಳೇ ಮಾಡಿಕೊಡಬೇಕು. ಅವು ಮಾಡಿಕೊಡುವುದು ತಮಗೆ ಲಾಭ ಇದ್ದಾಗ, ಇಲ್ಲವೇ ಮಾಡದಿದ್ದರೆ ನಷ್ಟ ಆಗುವಾಗ. ನನ್ನ ಪ್ರಕಾರ, ಯುದ್ಧದ ಕಾನೂನು ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದಕ್ಕೆ ಮುಖ್ಯ ಕಾರಣ ಇದೇ.

ಹೇಗ್‌ನ ಕೋರ್ಟುಗಳು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಸುದ್ದಿಯಲ್ಲಿ ‘ಅಂತಾರಾಷ್ಟ್ರೀಯ ಕೋರ್ಟ್’ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಹೇಗ್‌ನಲ್ಲಿ ಇರುವುದು ಒಂದೇ ಕೋರ್ಟ್ ಅಲ್ಲ. ಅಂತಾರಾಷ್ಟ್ರೀಯ ನ್ಯಾಯಾಲಯ, ಅಂದರೆ ಐಸಿಜೆ, ವಿಶ್ವಸಂಸ್ಥೆಯ ಭಾಗ. ಅಲ್ಲಿ ದೇಶದ ಮೇಲೆ ದೇಶ ಕೇಸು ಹಾಕುತ್ತದೆ. ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್, ಅಂದರೆ ಐಸಿಸಿ (ಕ್ರಿಕೆಟ್‌ನದ್ದಲ್ಲ), 2002ರಲ್ಲಿ ಶುರುವಾದದ್ದು. ಇದು ವ್ಯಕ್ತಿಗಳನ್ನು ವಿಚಾರಣೆ ಮಾಡುತ್ತದೆ. ಇವೆರಡಲ್ಲದೆ, ಒಂದೊಂದು ಯುದ್ಧಕ್ಕೆಂದೇ ಹುಟ್ಟಿದ ವಿಶೇಷ ನ್ಯಾಯಮಂಡಳಿಗಳೂ ಇದ್ದವು. ಯುಗೊಸ್ಲಾವಿಯಾದ ನ್ಯಾಯಮಂಡಳಿಯನ್ನು ಭದ್ರತಾ ಮಂಡಳಿ 1993ರ ಮೇ ತಿಂಗಳಲ್ಲಿ ಹುಟ್ಟುಹಾಕಿತು. ಆಗಿನ್ನೂ ಯುದ್ಧ ಜೋರಾಗಿಯೇ ನಡೆಯುತ್ತಿತ್ತು.

ಎರಡೂ ಕಾಯಂ ಕೋರ್ಟುಗಳಿಗೆ ಒಂದು ಸಾಮಾನ್ಯ ತೊಡಕಿದೆ. ಬಹುಮಟ್ಟಿಗೆ ಒಪ್ಪಿಕೊಂಡವರ ಮೇಲಷ್ಟೇ ಅವುಗಳ ಅಧಿಕಾರ ನಡೆಯುತ್ತದೆ. ಅಪರಾಧ ಸದಸ್ಯ ದೇಶದ ನೆಲದಲ್ಲಿ ಆಗಿದ್ದರೆ, ಇಲ್ಲವೇ ಭದ್ರತಾ ಮಂಡಳಿಯೇ ಕೇಸು ಕಳಿಸಿದರೆ ಮಾತ್ರ ಐಸಿಸಿ ಹೊರಗಿನ ದೇಶದವರ ಮೇಲೂ ಕೈ ಹಾಕಬಹುದು. ಐಸಿಸಿಗೆ ಸುಮಾರು 125 ದೇಶಗಳು ಸದಸ್ಯರಾಗಿವೆ. ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್, ಪಾಕಿಸ್ತಾನ ಆ ಪಟ್ಟಿಯಲ್ಲಿಲ್ಲ. ಭಾರತವೂ ಇಲ್ಲ. 1998ರಲ್ಲಿ ಈ ಕೋರ್ಟನ್ನು ಹುಟ್ಟುಹಾಕುವ ಒಪ್ಪಂದಕ್ಕೆ ರೋಮ್‌ನಲ್ಲಿ ಮತ ಹಾಕುವಾಗ ಭಾರತ ತಟಸ್ಥವಾಗಿ ಉಳಿಯಿತು. ಭದ್ರತಾ ಮಂಡಳಿಯ ಕೈಗೆ ಕೋರ್ಟಿನ ಜುಟ್ಟು ಕೊಡುವುದು ಸರಿಯಲ್ಲ, ಅಣ್ವಸ್ತ್ರವನ್ನು ನಿಷಿದ್ಧ ಆಯುಧಗಳ ಪಟ್ಟಿಗೆ ಸೇರಿಸಿಲ್ಲ ಎಂಬವು ಭಾರತದ ಆಕ್ಷೇಪಗಳಲ್ಲಿ ಮುಖ್ಯವಾದವು. ಮೊದಲನೆಯ ಆಕ್ಷೇಪದಲ್ಲಿ ಹುರುಳಿದೆ ಎಂದು ಆಮೇಲಿನ ವರ್ಷಗಳು ತೋರಿಸಿಕೊಟ್ಟವು.

ಐಸಿಜೆ ತೀರ್ಪನ್ನು ಯಾರಾದರೂ ಪಾಲಿಸದಿದ್ದರೆ ಏನು ಮಾಡಬೇಕು? ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿ ಹೇಳುತ್ತದೆ: ಭದ್ರತಾ ಮಂಡಳಿಗೆ ದೂರು ಕೊಡಿ. ಮಂಡಳಿಯಲ್ಲಿ ಐದು ಕಾಯಂ ಸದಸ್ಯರಿಗೆ ವಿಟೋ ಇದೆ, ಅಂದರೆ ಅವರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತದೆ. ತಪ್ಪಿತಸ್ಥರೇ ವಿಟೋ ಇರುವವರಾದರೆ? 1986ರಲ್ಲಿ ಹಾಗೇ ಆಯಿತು. ಬಂದರುಗಳಲ್ಲಿ ಸಿಡಿಮದ್ದು ಇಟ್ಟರು, ಬಂಡುಕೋರರಿಗೆ ಆಯುಧ ಕೊಟ್ಟರು ಎಂದು ನಿಕರಾಗುವಾ ಹಾಕಿದ್ದ ಕೇಸಿನಲ್ಲಿ ಅಮೆರಿಕ ಸೋತಿತು. ನಿಕರಾಗುವಾ ತೀರ್ಪು ಹಿಡಿದುಕೊಂಡು ಭದ್ರತಾ ಮಂಡಳಿಗೆ ಹೋಯಿತು. ಅಮೆರಿಕ ಅಲ್ಲಿ ಕೈ ಎತ್ತಿ ವಿಟೋ ಹಾಕಿತು. ಕೇಸು ಅಲ್ಲಿಗೆ ನಿಂತಿತು.

ವಿಟೋ ಇಲ್ಲದಿದ್ದರೆ ಮಂಡಳಿ ಎಷ್ಟು ಚುರುಕಾಗಿರುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ಅದರಲ್ಲಿ ನಮ್ಮೂರಿನವರೊಬ್ಬರಿದ್ದಾರೆ. 1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣ ಕೊರಿಯಾದ ಮೇಲೆ ಏರಿಹೋಯಿತು. ಆ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್, ನಮ್ಮ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಅದೇ ಬಿ.ಎನ್. ರಾವ್. ಅದೇ ದಿನ ನಿರ್ಣಯ ಪಾಸಾಯಿತು. ಕಾರಣ ಸರಳ: ಮಂಡಳಿಯಲ್ಲಿ ಚೀನಾದ ಸ್ಥಾನ ಯಾವ ಸರ್ಕಾರಕ್ಕೆ ಸೇರಬೇಕು ಎಂಬ ವಿಷಯಕ್ಕೆ ಮುನಿಸಿಕೊಂಡು ಸೋವಿಯತ್ ಒಕ್ಕೂಟ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ಆಗಸ್ಟ್‌ನಲ್ಲಿ ಅದು ಓಡೋಡಿ ವಾಪಸ್ ಬಂತು. ಆಮೇಲೆ ಕುರ್ಚಿ ಖಾಲಿ ಬಿಡುವ ಆ ತಪ್ಪನ್ನು ಅದು ಮತ್ತೆ ಮಾಡಲಿಲ್ಲ.

‘ಸುರಕ್ಷಿತ ವಲಯ’ದ ಒಳಗೆ

ಸ್ರೆಬ್ರೆನಿತ್ಸಾಕ್ಕೆ ಬರೋಣ. ಐಸಿಜೆ ಆದೇಶ ಬಂದ ಎಂಟು ದಿನಕ್ಕೆ, 1993ರ ಏಪ್ರಿಲ್ 16ರಂದು, ಭದ್ರತಾ ಮಂಡಳಿ ಆ ಪಟ್ಟಣವನ್ನು ‘ಸುರಕ್ಷಿತ ವಲಯ’ ಎಂದು ಘೋಷಿಸಿತು. ಮುಂದೆ ಇನ್ನೂ ಐದು ಊರುಗಳು ಸೇರಿ ಒಟ್ಟು ಆರಾದವು. ಇವುಗಳನ್ನು ನಿಜಕ್ಕೂ ಕಾಯಬೇಕಾದರೆ ಸುಮಾರು 34,000 ಸೈನಿಕರು ಹೆಚ್ಚುವರಿಯಾಗಿ ಬೇಕು ಎಂದು ಲೆಕ್ಕ ಹಾಕಿದರು. ಯಾರೂ ಅಷ್ಟು ಕೊಡಲು ತಯಾರಿರಲಿಲ್ಲ. ಕೊನೆಗೆ ಮಂಡಳಿ ಒಪ್ಪಿದ್ದು 7,600ಕ್ಕೆ.

ಸ್ರೆಬ್ರೆನಿತ್ಸಾದ ಪಾಲಿಗೆ ಬಂದದ್ದು ಕೆಲವು ನೂರು ಡಚ್ ಸೈನಿಕರು. ಪಕ್ಕದ ಪೊಟೊಚಾರಿಯ ಹಳೇ ಬ್ಯಾಟರಿ ಕಾರ್ಖಾನೆಯೇ ಅವರ ಶಿಬಿರ. ದೊಡ್ಡ ಆಯುಧ ಇಲ್ಲ. ಸುತ್ತ ನಿಂತಿದ್ದ ಸರ್ಬ್ ಸೇನೆ ಡೀಸೆಲ್ ಬರಲೂ ಬಿಡುತ್ತಿರಲಿಲ್ಲ. ಜುಲೈ 11ರಂದು ವಿಮಾನಗಳ ನೆರವು ಕೇಳಿದಾಗ ಬಾಂಬ್ ಹಾಕಿದ್ದು ಎರಡೇ ವಿಮಾನ. ಅಷ್ಟರಲ್ಲಿ, ಇನ್ನೂ ಬಾಂಬ್ ಹಾಕಿದರೆ ಸೆರೆಯಲ್ಲಿರುವ ನಿಮ್ಮ ಸೈನಿಕರನ್ನು ಕೊಲ್ಲುತ್ತೇವೆ ಎಂದು ಸರ್ಬರು ಬೆದರಿಸಿದರು. ದಾಳಿ ನಿಂತಿತು.

ಶಿಬಿರದ ಒಳಗೂ ಹೊರಗೂ 20,000ಕ್ಕೂ ಹೆಚ್ಚು ಜನ ಸೇರಿದ್ದರು. ಗಂಡಸರನ್ನು ಬೇರೆ ಮಾಡಿ ಕರೆದೊಯ್ದರು. ಶಿಬಿರದ ಒಳಗೇ ಇದ್ದ ಸುಮಾರು 350 ಗಂಡಸರನ್ನೂ ಡಚ್ಚರು ಹೊರಗೆ ಕಳಿಸಿದರು. ಮುಂದೆ ತಾಯಂದಿರು ನೆದರ್‌ಲ್ಯಾಂಡ್ಸ್ ಸರ್ಕಾರದ ಮೇಲೆ ಅದೇ ದೇಶದ ಕೋರ್ಟಿನಲ್ಲಿ ಕೇಸು ಹಾಕಿದರು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಆ 350 ಜನರ ಮಟ್ಟಿಗೆ ಸರ್ಕಾರ ಹೊಣೆ, ಆದರೆ ಶೇಕಡಾ 10ರಷ್ಟು ಮಾತ್ರ. ಒಳಗೇ ಉಳಿಸಿಕೊಂಡಿದ್ದರೂ ಅವರು ಬದುಕಿ ಉಳಿಯುವ ಸಾಧ್ಯತೆ ಅಷ್ಟೇ ಇತ್ತು ಎಂಬ ಲೆಕ್ಕ ಅದು. ಅಂಥ ಲೆಕ್ಕವನ್ನು ಹಾಕಲೇಬೇಕಾಗಿ ಬಂದ ಜಡ್ಜುಗಳ ಬಗ್ಗೆಯೂ ಅಯ್ಯೋ ಅನ್ನಿಸುತ್ತದೆ.

ಡಚ್ ಸೈನಿಕರನ್ನು ಬೈಯುವುದು ಸುಲಭ. ಆದರೆ ವಿಶ್ವಸಂಸ್ಥೆಗೆ ಸ್ವಂತ ಸೇನೆ ಇಲ್ಲ. ಸೈನಿಕರನ್ನು ಕಳಿಸಿದ ದೇಶ ಮೊದಲು ನೋಡುವುದು ತನ್ನ ಹುಡುಗರು ಜೀವಂತ ವಾಪಸ್ ಬರಲಿ ಅಂತ. ಕಾಗದದ ಮೇಲೆ ‘ಸುರಕ್ಷಿತ’ ಎಂದು ಬರೆದು, ಅದಕ್ಕೆ ಬೇಕಾದ ಜನ, ಆಯುಧ, ಅಪ್ಪಣೆ ಯಾವುದನ್ನೂ ಕೊಡದೆ ಹೋದದ್ದು ನ್ಯೂಯಾರ್ಕಿನಲ್ಲಿ ಆದ ತಪ್ಪು. ಆ ಹೆಸರನ್ನು ನಂಬಿ ಜನ ಅಲ್ಲೇ ಉಳಿದರು ಎಂಬುದು ಇನ್ನೂ ಕೆಟ್ಟದ್ದು.

ಹಸಿರು ಗಾಜಿನ ಚೂರು

ಯುದ್ಧಾಪರಾಧವನ್ನು ಸಾಬೀತು ಮಾಡುವುದೂ ಒಂದು ದೊಡ್ಡ ಕಷ್ಟ. ಸಾಮಾನ್ಯ ಕೊಲೆ ಕೇಸಿನಲ್ಲಿ ಪೊಲೀಸರು ಅದೇ ದಿನ ಮಹಜರು ಮಾಡುತ್ತಾರೆ. ಇಲ್ಲಿ ಕೊಲೆ ಮಾಡಿದವರ ಕೈಯಲ್ಲೇ ಜಾಗ ಇರುತ್ತದೆ. 1995ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸರ್ಬ್ ಸೇನೆ ತಾನೇ ಹೂತ ಹೆಣಗಳನ್ನು ಜೆಸಿಬಿಯಂಥ ಯಂತ್ರಗಳಿಂದ ಅಗೆದು, ಲಾರಿಯಲ್ಲಿ ತುಂಬಿ, ದೂರದ ಗುಂಡಿಗಳಿಗೆ ಸಾಗಿಸಿತು. ಒಬ್ಬನೇ ಮನುಷ್ಯನ ಮೂಳೆಗಳು ಎರಡು ಮೂರು ಕಡೆ ಸಿಕ್ಕವು.

ತನಿಖೆ ಮಾಡಿದವರು ಅದನ್ನು ಬಿಡಿಸಿದ ರೀತಿ ಮೆಚ್ಚುವಂಥದ್ದು. ಕೊಜ್ಲುಕ್ ಎಂಬಲ್ಲಿ ಬಾಟಲಿ ತುಂಬುವ ಕಾರ್ಖಾನೆಯವರು ಒಡೆದ ಗಾಜು ಸುರಿಯುತ್ತಿದ್ದ ಜಾಗ ಇತ್ತು. ಅಲ್ಲೇ ನೂರಾರು ಜನರನ್ನು ಕೊಂದು ಹೂತಿದ್ದರು. ಎಷ್ಟೋ ದೂರದ ಗುಂಡಿಗಳನ್ನು ಅಗೆದಾಗ ಹೆಣಗಳ ಜೊತೆ ಅದೇ ಹಸಿರು ಗಾಜಿನ ಚೂರುಗಳು, ಅದೇ ಬಾಟಲಿಯ ಲೇಬಲ್‌ಗಳು ಸಿಕ್ಕವು. ಯಾವ ಗುಂಡಿಯ ಹೆಣ ಎಲ್ಲಿಗೆ ಹೋಯಿತು ಎಂದು ಗೊತ್ತಾಯಿತು. ಮಣ್ಣು, ಗುಂಡಿನ ಕೋಶ, ಕಣ್ಣಿಗೆ ಕಟ್ಟಿದ ಬಟ್ಟೆಯ ಚೂರು, ಮೇಲಿನಿಂದ ತೆಗೆದ ಫೋಟೋ, ಕದ್ದು ಕೇಳಿದ ರೇಡಿಯೊ ಮಾತು, ಆಮೇಲೆ ಡಿಎನ್ಎ. ಬ್ರಾನ್ಯೆವೊ ಎಂಬ ತೋಟದಲ್ಲಿ ಗುಂಡು ಹಾರಿಸಿದ ಸೈನಿಕರಲ್ಲಿ ಒಬ್ಬನಾದ ಡ್ರಾಜೆನ್ ಎರ್ಡೆಮೊವಿಚ್ ತಾನಾಗಿಯೇ ಬಾಯಿಬಿಟ್ಟ. ಬೇಡ ಅಂದಿದ್ದರೆ ನನ್ನನ್ನೂ ಆ ಸಾಲಿನಲ್ಲೇ ನಿಲ್ಲಿಸುತ್ತಿದ್ದರು ಎಂಬುದು ಅವನ ಮಾತು. ಅವನಿಗೆ ಕೊನೆಗೆ ಐದು ವರ್ಷ ಶಿಕ್ಷೆಯಾಯಿತು.

ಕೊಂದು ಹೂತದ್ದು ಸಾಬೀತಾದರೆ ಅದು ಅಪರಾಧವೇ, ಎರಡು ಮಾತಿಲ್ಲ. ಶೆಲ್ ದಾಳಿ ಹಾಗಲ್ಲ. ಯುದ್ಧದಲ್ಲಿ ನಾಗರಿಕರು ಸತ್ತ ಮಾತ್ರಕ್ಕೆ ಯುದ್ಧಾಪರಾಧ ಆಗುವುದಿಲ್ಲ. ನಾಗರಿಕರನ್ನೇ ಗುರಿ ಮಾಡಿದ್ದರೆ, ಎಲ್ಲೆಂದರಲ್ಲಿ ಹೊಡೆದಿದ್ದರೆ, ಅಥವಾ ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ನಾಗರಿಕರ ಸಾವು ನೋವು ಅತಿಯಾಗುತ್ತದೆ ಎಂದು ಗೊತ್ತಿದ್ದೂ ಹೊಡೆದಿದ್ದರೆ ಮಾತ್ರ ಅಪರಾಧ. ‘ಅತಿ’ ಅಂದರೆ ಎಷ್ಟು? ಕಾನೂನಿನಲ್ಲಿ ಅಂಕಿ ಇಲ್ಲ. ಕ್ರೊಯೇಷಿಯಾದ ಜನರಲ್ ಆಂಟೆ ಗೊಟೊವಿನಾ ಕೇಸಿನಲ್ಲಿ ಯುಗೊಸ್ಲಾವಿಯಾದ ನ್ಯಾಯಮಂಡಳಿಯ ಜಡ್ಜುಗಳು ಒಂದು ಅಂಕಿ ಇಟ್ಟು ನೋಡಿದರು. ಕ್ನಿನ್ ಪಟ್ಟಣದ ಮೇಲೆ ಬಿದ್ದ ಶೆಲ್‌ಗಳಲ್ಲಿ ಸೈನಿಕ ಗುರಿಯಿಂದ 200 ಮೀಟರ್‌ಗಿಂತ ದೂರ ಬಿದ್ದವು ಗುರಿ ತಪ್ಪಿದವಲ್ಲ, ಬೇಕೆಂದೇ ಹಾಕಿದವು ಎಂದರು. 2011ರಲ್ಲಿ 24 ವರ್ಷ ಶಿಕ್ಷೆ ಕೊಟ್ಟರು. ಮರುವರ್ಷ ಮೇಲ್ಮನವಿಯಲ್ಲಿ ಐವರು ಜಡ್ಜುಗಳು ಕೂತರು. ಆ 200 ಮೀಟರ್‌ಗೆ ಆಧಾರ ಏನು ಎಂದು ಕೇಳಿದರು. ಮೂರು–ಎರಡು ಮತದಲ್ಲಿ ಗೊಟೊವಿನಾ ಖುಲಾಸೆ. ಅದೇ ದಾಖಲೆ, ಅದೇ ಪಟ್ಟಣ. ಬೆಳಿಗ್ಗೆ ಟಿವಿಯಲ್ಲಿ ದಾಳಿಯ ಚಿತ್ರ ನೋಡಿ ಸಂಜೆಯೊಳಗೆ ‘ಇದು ಯುದ್ಧಾಪರಾಧವೇ’ ಅಂತ ನಾವು ತೀರ್ಪು ಕೊಡುತ್ತೇವಲ್ಲ, ಕೋರ್ಟಿನಲ್ಲಿ ಅದು ಅಷ್ಟು ಸಲೀಸಲ್ಲ.

ಹಿಡಿಯುವವರು ಯಾರು?

ಬೋಸ್ನಿಯನ್ ಸರ್ಬರ ನಾಯಕ ರಾಡೊವಾನ್ ಕರಾಜಿಚ್, ಸೇನಾಧಿಪತಿ ರಾಟ್ಕೊ ಮ್ಲಾಡಿಚ್. ಇಬ್ಬರ ಮೇಲೂ 1995ರಲ್ಲೇ ಆರೋಪಪಟ್ಟಿ ಬಂದಿತ್ತು. ಆ ವರ್ಷದ ಕೊನೆಗೆ ಶಾಂತಿ ಒಪ್ಪಂದವೂ ಆಗಿ ನೇಟೊ ನೇತೃತ್ವದ ಸುಮಾರು 60,000 ಸೈನಿಕರು ಬೋಸ್ನಿಯಾಕ್ಕೆ ಬಂದರು. ಆದರೂ ಹಿಡಿಯಲಿಲ್ಲ. ಹಿಡಿಯಲು ಹೋದರೆ ಗುಂಡಿನ ಚಕಮಕಿ ಆಗುತ್ತದೆ, ತಮ್ಮವರು ಸಾಯುತ್ತಾರೆ, ಈಗಷ್ಟೇ ಆದ ಶಾಂತಿ ಮುರಿಯುತ್ತದೆ ಎಂಬ ಭಯ.

ಮುಂದೆ ಕರಾಜಿಚ್ ಬೆಲ್‌ಗ್ರೇಡ್‌ನಲ್ಲಿ ಉದ್ದ ಗಡ್ಡ ಬಿಟ್ಟು, ಜುಟ್ಟು ಕಟ್ಟಿ, ಬೇರೆ ಹೆಸರಿನಲ್ಲಿ ಪರ್ಯಾಯ ಚಿಕಿತ್ಸೆಯ ವೈದ್ಯನಾಗಿಬಿಟ್ಟ. ಆರೋಗ್ಯದ ಪತ್ರಿಕೆಗೆ ಲೇಖನ ಬರೆಯುತ್ತಿದ್ದ, ವೇದಿಕೆ ಮೇಲೆ ಭಾಷಣ ಮಾಡುತ್ತಿದ್ದ. 2008ರ ಜುಲೈನಲ್ಲಿ ಸಿಕ್ಕಿಬಿದ್ದ. ಮ್ಲಾಡಿಚ್ ಸಿಕ್ಕಿದ್ದು 2011ರ ಮೇ 26ರಂದು, ಸರ್ಬಿಯಾದ ಲಾಜರೆವೊ ಎಂಬ ಹಳ್ಳಿಯಲ್ಲಿ, ಸಂಬಂಧಿಕರ ಮನೆಯಲ್ಲಿ. ಆರೋಪಪಟ್ಟಿ ಬಂದು ಸುಮಾರು ಹದಿನಾರು ವರ್ಷ ಆಗಿತ್ತು.

ಅಷ್ಟು ವರ್ಷ ಸಿಗದವರು ಆಗ ಹೇಗೆ ಸಿಕ್ಕರು? ಸರ್ಬಿಯಾಕ್ಕೆ ಐರೋಪ್ಯ ಒಕ್ಕೂಟ ಸೇರಬೇಕಿತ್ತು. ಮ್ಲಾಡಿಚ್‌ನನ್ನು ಒಪ್ಪಿಸುವ ತನಕ ಮಾತುಕತೆ ಇಲ್ಲ ಎಂದು ಒಕ್ಕೂಟ 2006ರಲ್ಲಿ ಬಾಗಿಲು ಹಾಕಿತ್ತು. ಮ್ಲಾಡಿಚ್ ಹೇಗ್‌ಗೆ ಹೋದ ಮರುವರ್ಷ, 2012ರ ಮಾರ್ಚ್‌ನಲ್ಲಿ, ಸರ್ಬಿಯಾಕ್ಕೆ ಅಭ್ಯರ್ಥಿ ದೇಶದ ಸ್ಥಾನ ಸಿಕ್ಕಿತು. ಮಾಜಿ ಅಧ್ಯಕ್ಷ ಸ್ಲೊಬೊಡಾನ್ ಮಿಲೊಸೆವಿಚ್ ವಿಷಯವೂ ಇದೇ. 2001ರ ಜೂನ್ 28ರಂದು ಅವನನ್ನು ಹೇಗ್‌ಗೆ ಕಳಿಸಿದರು. ಮರುದಿನ ಬ್ರಸೆಲ್ಸ್‌ನಲ್ಲಿ ಆ ದೇಶಕ್ಕೆ ನೆರವು ಕೊಡುವವರ ಸಭೆ ಇತ್ತು. ಇದನ್ನು ವ್ಯಾಪಾರ ಅಂತ ಬೇಕಾದರೂ ಅನ್ನಿ. ಆದರೆ ಈ ವ್ಯಾಪಾರದಿಂದಲೇ ಆ ನ್ಯಾಯಮಂಡಳಿ ಆರೋಪಪಟ್ಟಿ ಹಾಕಿದ 161 ಜನರಲ್ಲಿ ತಲೆಮರೆಸಿಕೊಂಡವರು ಒಬ್ಬರೂ ಉಳಿಯಲಿಲ್ಲ. ಕರಾಜಿಚ್, ಮ್ಲಾಡಿಚ್ ಇಬ್ಬರಿಗೂ ಜೀವಾವಧಿ ಆಯಿತು. ಮಿಲೊಸೆವಿಚ್ ಮಾತ್ರ ತೀರ್ಪು ಬರುವ ಮೊದಲೇ 2006ರಲ್ಲಿ ಸೆರೆಯಲ್ಲಿ ಸತ್ತ.

ಇಂಥ ಒತ್ತಡ ಇಲ್ಲದ ಕಡೆ ಏನಾಗುತ್ತದೆ? ಸೂಡಾನ್ ನೋಡಿ. ಅಲ್ಲಿನ ಡಾರ್ಫರ್ ಪ್ರಾಂತ್ಯದ ಹತ್ಯೆಗಳ ವಿಷಯವನ್ನು ಭದ್ರತಾ ಮಂಡಳಿಯೇ 2005ರಲ್ಲಿ ಐಸಿಸಿಗೆ ಕಳಿಸಿತು. 2009ರಲ್ಲಿ ಅಧ್ಯಕ್ಷ ಒಮರ್ ಅಲ್ ಬಷೀರ್ ಮೇಲೆ ವಾರಂಟ್ ಹೊರಟಿತು. ಅವರು ಕೀನ್ಯಾ, ಚಾಡ್, ಜೋರ್ಡನ್ ಎಲ್ಲ ಸುತ್ತಿ ಬಂದರು. ಈ ಮೂರೂ ಐಸಿಸಿ ಸದಸ್ಯ ದೇಶಗಳು, ಹಿಡಿಯಬೇಕಿದ್ದವು. 2015ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ, ದೇಶ ಬಿಟ್ಟು ಹೋಗಬಾರದು ಎಂದು ಪ್ರಿಟೋರಿಯಾದ ಹೈಕೋರ್ಟ್ ಆದೇಶ ಮಾಡಿತು. ಕೋರ್ಟಿನಲ್ಲಿ ವಾದ ನಡೆಯುತ್ತಿರುವಾಗಲೇ ಅವರ ವಿಮಾನ ಸೇನಾ ನೆಲೆಯಿಂದ ಹಾರಿಹೋಯಿತು. ಅದೇ ಅಕ್ಟೋಬರ್‌ನಲ್ಲಿ ಅವರು ಭಾರತ–ಆಫ್ರಿಕಾ ಶೃಂಗಸಭೆಗೆಂದು ದೆಹಲಿಗೂ ಬಂದರು. ಕಾನೂನಿನ ಮಟ್ಟಿಗೆ ಭಾರತ ತಪ್ಪು ಮಾಡಿತು ಅನ್ನಲಾಗದು. ನಾವು ಸದಸ್ಯರಲ್ಲ, ಮಂಡಳಿಯ ನಿರ್ಣಯ ಸದಸ್ಯರಲ್ಲದ ದೇಶಗಳಿಗೆ ಸಹಕರಿಸಿ ಎಂದು ಕೋರಿತ್ತೇ ಹೊರತು ಕಟ್ಟುಮಾಡಿರಲಿಲ್ಲ. 2019ರಲ್ಲಿ ಅವರ ಸೇನೆಯೇ ಅವರನ್ನು ಇಳಿಸಿತು. ಆದರೂ ಹೇಗ್‌ಗೆ ಕಳಿಸಲಿಲ್ಲ.

ಈಚಿನ ಕಥೆಯೂ ಇದೇ ದಾರಿಯಲ್ಲಿದೆ. ಉಕ್ರೇನ್‌ನಲ್ಲಿ ಯುದ್ಧ ನಿಲ್ಲಿಸಿ ಎಂದು ಐಸಿಜೆ 2022ರ ಮಾರ್ಚ್‌ನಲ್ಲಿ 13–2 ಮತದಿಂದ ರಷ್ಯಾಕ್ಕೆ ಹೇಳಿತು. ರಷ್ಯಾ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಐಸಿಸಿ ಪುಟಿನ್ ಮೇಲೆ ವಾರಂಟ್ ಹೊರಡಿಸಿತು. ಆ ವರ್ಷ ಜೊಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಅವರು ಹೋಗಲಿಲ್ಲ. ಆದರೆ 2024ರಲ್ಲಿ ಸದಸ್ಯ ದೇಶವಾದ ಮಂಗೋಲಿಯಾ ಅವರಿಗೆ ಕೆಂಪು ಹಾಸು ಹಾಸಿತು. ಇಂಧನಕ್ಕೆ ರಷ್ಯಾವನ್ನೇ ನಂಬಿರುವ ದೇಶ ಅದು, ಇನ್ನೇನು ಮಾಡೀತು? ಇಸ್ರೇಲ್ ಪ್ರಧಾನಿ ನೆತನ್ಯಾಹು ಮೇಲೆ 2024ರ ನವೆಂಬರ್‌ನಲ್ಲಿ ವಾರಂಟ್ ಬಂತು. ಹಂಗೇರಿ ಅವರನ್ನು ಬರಮಾಡಿಕೊಂಡು, ಅದೇ ಹೊತ್ತಿಗೆ ಐಸಿಸಿಯಿಂದಲೇ ಹೊರಹೋಗುತ್ತೇವೆ ಎಂದಿತು. ಅಮೆರಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಐಸಿಸಿಯ ಪ್ರಾಸಿಕ್ಯೂಟರ್ ಮೇಲೆಯೇ ನಿರ್ಬಂಧ ಹೇರಿತು. ಪುಟಿನ್ ಮೇಲಿನ ವಾರಂಟನ್ನು ಹೊಗಳಿದ ಅಮೆರಿಕ ನೆತನ್ಯಾಹು ಮೇಲಿನದ್ದನ್ನು ಬೈಯುತ್ತದೆ. ಬೇರೆಡೆ ಇದು ತಿರುಗಾಮುರುಗಾ. ಕಾನೂನಿನ ಮೇಲಿನ ನಂಬಿಕೆಗೆ ವಿಟೋಗಿಂತ ಜಾಸ್ತಿ ಪೆಟ್ಟು ಕೊಡುವುದು ಇದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಯಾರೂ ಪಾಲಿಸುವುದೇ ಇಲ್ವಾ? ಪಾಲಿಸುತ್ತಾರೆ, ಅದು ಸುದ್ದಿಯಾಗುವುದು ಕಡಿಮೆ. 1971ರಲ್ಲಿ ಸುಮಾರು 93,000 ಪಾಕಿಸ್ತಾನಿಗಳು ಭಾರತದ ಸೆರೆಯಲ್ಲಿದ್ದರು. ರೆಡ್ ಕ್ರಾಸ್‌ನವರು ಶಿಬಿರಗಳಿಗೆ ಬರುತ್ತಿದ್ದರು. ಒಪ್ಪಂದಗಳಾದ ಮೇಲೆ ಸೆರೆಯಾಳುಗಳು ಮನೆಗೆ ಹೋದರು. 2019ರಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ಕೈಗೆ ಸಿಕ್ಕಾಗ ಅವರ ವಿಡಿಯೊ ಹರಿದಾಡಿದ್ದು ನೆನಪಿದೆ ಅಲ್ವಾ? ಯುದ್ಧಕೈದಿಯನ್ನು ಹಾಗೆ ಜನರ ಮುಂದೆ ಪ್ರದರ್ಶನಕ್ಕಿಡಬಾರದು ಎಂದು ಮೂರನೇ ಜಿನೀವಾ ಒಪ್ಪಂದ ಹೇಳುತ್ತದೆ. ಭಾರತ ಅದನ್ನೇ ಎತ್ತಿ ಹಿಡಿದು ಆಕ್ಷೇಪಿಸಿತು. ಎರಡು ದಿನದಲ್ಲಿ ಅವರು ವಾಘಾ ದಾಟಿದರು. ಬಿಟ್ಟದ್ದು ಒಪ್ಪಂದಕ್ಕಾಗಿಯೋ, ಯುದ್ಧದ ಭಯಕ್ಕೋ ಎಂದು ಕೇಳಿದರೆ ಎರಡೂ ಸೇರಿಯೇ ಅನ್ನಬೇಕು. ಇವತ್ತು ನಿಮ್ಮವನು ನನ್ನ ಕೈಯಲ್ಲಿ, ನಾಳೆ ನನ್ನವನು ನಿಮ್ಮ ಕೈಯಲ್ಲಿ. ಈ ಲೆಕ್ಕ ಇರುವ ಕಡೆ ಕಾನೂನು ತಾನಾಗಿ ನಡೆಯುತ್ತದೆ. ಸ್ರೆಬ್ರೆನಿತ್ಸಾದಲ್ಲಿ ಆ ಲೆಕ್ಕ ಇರಲಿಲ್ಲ. ಸೇನೆಯ ಬದಲು ಸಶಸ್ತ್ರ ಗುಂಪುಗಳು ಹೊಡೆದಾಡುವ ಕಡೆಗಳಲ್ಲೂ ಅದು ಬಹಳ ದುರ್ಬಲ.

ಹೇಗ್ ಬಿಟ್ಟು ಇನ್ನೊಂದು ದಾರಿಯೂ ಇದೆ. ಅಪರಾಧ ಎಲ್ಲೇ ಆಗಿರಲಿ, ಆರೋಪಿ ನಮ್ಮ ನೆಲದಲ್ಲಿ ಸಿಕ್ಕರೆ ನಾವೇ ವಿಚಾರಣೆ ಮಾಡುತ್ತೇವೆ ಎಂದು ಕೆಲವು ದೇಶಗಳು ಕಾನೂನು ಮಾಡಿಕೊಂಡಿವೆ. ಸಿರಿಯಾದ ವಿಷಯವನ್ನು ಐಸಿಸಿಗೆ ಕಳಿಸುವ ನಿರ್ಣಯಕ್ಕೆ 2014ರಲ್ಲಿ 13 ದೇಶಗಳು ಹೂಂ ಅಂದರೂ ರಷ್ಯಾ, ಚೀನಾ ವಿಟೋ ಹಾಕಿದವು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಆದರೆ ಸಿರಿಯಾದ ಗುಪ್ತಚರ ದಳದಲ್ಲಿ ಕರ್ನಲ್ ಆಗಿದ್ದ ಅನ್ವರ್ ರಸ್ಲಾನ್ ನಿರಾಶ್ರಿತನಾಗಿ ಜರ್ಮನಿಗೆ ಬಂದಿದ್ದ. ಅವನ ದಬ್ಬಾಳಿಕೆ ಕಂಡಿದ್ದ ಸಿರಿಯನ್ನರೂ ನಿರಾಶ್ರಿತರಾಗಿ ಅಲ್ಲಿಗೇ ಬಂದಿದ್ದರು. ಗುರುತು ಹಿಡಿದರು. 2022ರ ಜನವರಿಯಲ್ಲಿ ಕೊಬ್ಲೆನ್ಜ್ ಊರಿನ ಕೋರ್ಟ್ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಅವನ ಮೇಲಿನ ದೊಡ್ಡವರಿಗೆ ಈ ದಾರಿಯೂ ಕಿರಿದು. 2013ರ ರಾಸಾಯನಿಕ ದಾಳಿಯ ವಿಷಯದಲ್ಲಿ ಫ್ರಾನ್ಸ್‌ನ ಜಡ್ಜುಗಳು ಬಷರ್ ಅಲ್ ಅಸಾದ್ ಮೇಲೆ 2023ರಲ್ಲಿ ವಾರಂಟ್ ಹೊರಡಿಸಿದ್ದರು. ಆಗ ಅವರಿನ್ನೂ ಅಧ್ಯಕ್ಷ. ಕುರ್ಚಿಯಲ್ಲಿರುವ ರಾಷ್ಟ್ರಾಧ್ಯಕ್ಷನನ್ನು ಬೇರೆ ದೇಶದ ಕೋರ್ಟ್ ಮುಟ್ಟುವಂತಿಲ್ಲ ಎಂದು ಫ್ರಾನ್ಸ್‌ನ ಅತ್ಯುನ್ನತ ಕೋರ್ಟ್ 2025ರ ಜುಲೈನಲ್ಲಿ ಆ ವಾರಂಟನ್ನು ರದ್ದು ಮಾಡಿತು. ಈಗ ಅವರು ಅಧ್ಯಕ್ಷರಲ್ಲ, ಹೊಸ ವಾರಂಟ್ ಹೊರಡಿಸಲು ಅಡ್ಡಿಯಿಲ್ಲ ಎಂದೂ ಸೇರಿಸಿತು. 2024ರ ಡಿಸೆಂಬರ್‌ನಲ್ಲಿ ಡಮಾಸ್ಕಸ್ ಬಿಟ್ಟು ಓಡಿದ ಅಸಾದ್‌ಗೆ ಆಸರೆ ಸಿಕ್ಕಿದ್ದು ಮಾಸ್ಕೋದಲ್ಲಿ. ರಷ್ಯಾ ಅವರನ್ನು ಬಿಟ್ಟುಕೊಡುವ ಲಕ್ಷಣ ಸದ್ಯಕ್ಕಿಲ್ಲ. ಮ್ಲಾಡಿಚ್ ವಿಷಯದಲ್ಲಿ ಸರ್ಬಿಯಾವೂ ಎಷ್ಟೋ ವರ್ಷ ಹಾಗೇ ಇತ್ತು.